ಮನೆಯಲ್ಲಿ ಒಬ್ಬರೇ ಇದ್ದು ನೀರಿನ ತೊಟ್ಟಿ ಖಾಲಿ ಮಾಡುವವರಿಗೆ

ಬೇಸಿಗೆ ರಜೆಗೆಂದು ಬೆಂಗಳೂರು, ಪುಣೆ, ಮುಂಬಯಿಗಳಿಂದ ಯಾದಗಿರಿ, ಶಹಾಪುರ, ಸುರಪುರದ ಕಡೆಗೆ ಬಂದ ಮೊಮ್ಮಕ್ಕಳು ಶಾಲೆ ತೆರೆಯುವ ಹೊತ್ತಿಗೆ ಹೊರಟುಹೋಗುತ್ತಾರೆ. ಮನೆ ಮತ್ತೆ ಮೊದಲಿನಂತೆ ಮೌನವಾಗುತ್ತದೆ. ಅಂಗಳದಲ್ಲಿ ಉಳಿಯುವುದು ಮಕ್ಕಳು ಕುಣಿದಾಡಿದ ಪ್ಲಾಸ್ಟಿಕ್ ಈಜುಕೊಳ, ಅದರಲ್ಲಿ ಮೊಣಕಾಲುದ್ದ ನೀರು, ನೀರಿನ ಮೇಲೆ ಬೇವಿನ ಎಲೆ. ಪಕ್ಕದಲ್ಲಿ, ನಳದ ನೀರು ಬಾರದ ದಿನಗಳಿಗೆಂದು ತುಂಬಿಟ್ಟ ಪರಸಿ ಕಲ್ಲಿನ ಹಳೆಯ ತೊಟ್ಟಿ. ಅದೂ ಅಲ್ಲಲ್ಲಿ ಬಿರುಕು ಬಿಟ್ಟು ಸೋರುತ್ತಿರುತ್ತದೆ. ಎರಡನ್ನೂ ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿ ತೆಗೆಯಬೇಕು. ತೆಗೆಯುವವರು ಯಾರು? ಮನೆಯಲ್ಲಿ ಉಳಿದಿರುವ ನೀವೊಬ್ಬರೇ.

‘ಅವ್ವಾ, ನೀ ಒಬ್ಬಾಕಿನೇ ಅದಕ್ಕ ಕೈ ಹಚ್ಚಬ್ಯಾಡ’ ಎಂದು ಮಗ ಫೋನಿನಲ್ಲಿ ಹೇಳುತ್ತಾನೆ. ‘ಹೂಂ’ ಎಂದು ಫೋನ್ ಇಟ್ಟ ಅವ್ವ ಸೀರೆಯ ಸೆರಗು ಸಿಕ್ಕಿಸಿ ಕೊಡ ಹಿಡಿಯುತ್ತಾಳೆ. ಇದು ಎಲ್ಲರ ಮನೆಯ ಕಥೆ. ಆದ್ದರಿಂದ ‘ಮಾಡಬೇಡಿ’ ಎಂದು ಹೇಳುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಈ ಕೆಲಸದಲ್ಲಿ ಒಬ್ಬರೇ ಮಾಡಬಹುದಾದ ಭಾಗ ಯಾವುದು, ಇನ್ನೊಬ್ಬರು ಬರುವವರೆಗೂ ಮುಟ್ಟಬಾರದ ಭಾಗ ಯಾವುದು ಎಂಬುದನ್ನು ತಿಳಿದುಕೊಂಡರೆ ಸಾಕು. ಅಪಾಯ ಇರುವುದು ಎಲ್ಲವನ್ನೂ ಒಂದೇ ದಿನ ಮುಗಿಸಿಬಿಡುವ ಆತುರದಲ್ಲಿ.

ನೀರಿನ ಭಾರ ಎಷ್ಟು?

ನೀರನ್ನು ನಾವು ಹಗುರವೆಂದೇ ತಿಳಿದಿರುತ್ತೇವೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ತೊಟ್ಟಿ ತುಂಬಿದ್ದರೆ ಅದರಲ್ಲಿ ಸುಮಾರು 1,800 ಲೀಟರ್ ನೀರಿರುತ್ತದೆ. ಹದಿನೈದು ಲೀಟರಿನ ಕೊಡದಲ್ಲಿ ಎತ್ತಿ ಹಾಕುವುದಾದರೆ 120 ಕೊಡ. ಅಂದರೆ ಹದಿನೈದು ಕಿಲೋ ಭಾರವನ್ನು 120 ಸಲ ಬಗ್ಗಿ ಎತ್ತಿದಂತಾಯಿತು! ಮಕ್ಕಳ ಕೊಳ ಹತ್ತು ಅಡಿ ಅಗಲವಿದ್ದು ಅದರಲ್ಲಿ ಎರಡು ಅಡಿ ನೀರಿದ್ದರೆ 4,000 ಲೀಟರಿಗೂ ಹೆಚ್ಚು. ಅರವತ್ತು ದಾಟಿದ, ಮೂಳೆ ಸವೆದ ಸೊಂಟಕ್ಕೆ ಇದು ತಕ್ಕ ಕೆಲಸವಲ್ಲ. ಋತುಬಂಧವಾದ ಮೇಲೆ ಹೆಂಗಸರ ಮೂಳೆ ಬೇಗ ಟೊಳ್ಳಾಗುತ್ತದೆ. ಬಗ್ಗಿ ಭಾರ ಎತ್ತಿದಷ್ಟಕ್ಕೇ ಬೆನ್ನುಮೂಳೆಯ ಬಿಲ್ಲೆ ಕುಸಿಯುವುದುಂಟು.

ಇನ್ನೊಂದು ಮಾತು. ಕೆಲವರು ಇಂಥ ಕೊಳವನ್ನು ಮಾಳಿಗೆಯ ಮೇಲೆ ಇಡುತ್ತಾರೆ. ಎರಡು ಅಡಿ ನೀರೆಂದರೆ ಪ್ರತಿ ಚದರ ಮೀಟರಿಗೆ 600 ಕಿಲೋ ಭಾರ. ಸಾಮಾನ್ಯ ಮನೆಯ ಆರ್‌ಸಿಸಿ ಛಾವಣಿಯನ್ನು 150ರಿಂದ 200 ಕಿಲೋ ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಹಳೆಯ ಮಣ್ಣಿನ ಮಾಳಿಗೆಯ ಮಾತಂತೂ ಬೇಡವೇ ಬೇಡ. ನಿಮ್ಮ ಕೊಳ ಮೇಲಿದ್ದರೆ ಅದರ ಕೆಳಗಿನ ಕೋಣೆಯಲ್ಲಿ ಮಲಗಬೇಡಿ. ನೀರನ್ನು ಇವತ್ತೇ ಇಳಿಸಲು ಆರಂಭಿಸಿ.

ಹಾಗೇ ಬಿಟ್ಟರೇನು?

ಬಿಡಬಹುದಾಗಿದ್ದರೆ ಈ ಬರಹವೇ ಬೇಕಿರಲಿಲ್ಲ. ಡೆಂಗಿ, ಚಿಕುನ್‌ಗುನ್ಯ ಹರಡುವ ಈಡಿಸ್ ಸೊಳ್ಳೆಗೆ ಗಟಾರದ ಕೊಳಕು ನೀರಿಗಿಂತ ಮನೆಯವರು ಕೂಡಿಟ್ಟ ತಿಳಿನೀರೇ ಹೆಚ್ಚು ಇಷ್ಟ. ಅದು ಕಚ್ಚುವುದೂ ಹಗಲಿನಲ್ಲಿಯೇ. ಮೊಟ್ಟೆಯಿಟ್ಟ ಏಳರಿಂದ ಹತ್ತು ದಿನದೊಳಗೆ ರೆಕ್ಕೆ ಬಂದ ಸೊಳ್ಳೆ ಹಾರಿಹೋಗುತ್ತದೆ. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಸೊಳ್ಳೆ ಹುಟ್ಟಲು ಎಡೆಗೊಡುವ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡ ಹೋಗಲಿ, ಒಬ್ಬರೇ ಇರುವ ಮನೆಯಲ್ಲಿ ಡೆಂಗಿ ಜ್ವರ ಬಂದರೆ ನೀರು ಕೊಡುವವರೂ ಇರುವುದಿಲ್ಲ.

ಮುಖ್ಯವಾದ ವಿಷಯವೊಂದಿದೆ. ಈ ಸೊಳ್ಳೆ ಮೊಟ್ಟೆಯಿಡುವುದು ನೀರಿನೊಳಗಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ತೊಟ್ಟಿಯ ಒದ್ದೆ ಗೋಡೆಗೆ. ನೀರು ಚೆಲ್ಲಿದರೂ ಮೊಟ್ಟೆಗಳು ಅಲ್ಲೇ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿ ಬದುಕಿರುತ್ತವೆ. ಮುಂದಿನ ಮಳೆ ಬಿದ್ದು ನೀರು ತಾಗಿದೊಡನೆ ಒಡೆದು ಮರಿಯಾಗುತ್ತವೆ. ಆದ್ದರಿಂದ ಖಾಲಿ ಮಾಡಿದರೆ ಅರ್ಧ ಕೆಲಸವಷ್ಟೇ ಆಯಿತು. ಗಟ್ಟಿ ಬ್ರಶ್ಶಿನಿಂದಲೋ ತೆಂಗಿನ ನಾರಿನಿಂದಲೋ ಗೋಡೆಯನ್ನು ತಿಕ್ಕಬೇಕು.

ಮಕ್ಕಳ ವಿಷಯವೂ ಇದೆ. ನಿಮ್ಮ ಮೊಮ್ಮಕ್ಕಳು ಊರಿಗೆ ಹೋದರೂ ಓಣಿಯ ಮಕ್ಕಳಿದ್ದಾರೆ. ಎರಡು ವರ್ಷದ ಕೂಸು ಮುಳುಗಲು ಅರ್ಧ ಅಡಿ ನೀರು ಸಾಕು, ಸದ್ದೂ ಆಗುವುದಿಲ್ಲ. ಖಾಲಿಯಾಗುವವರೆಗೆ ಅಂಗಳದ ಬಾಗಿಲಿಗೆ ಚಿಲಕ ಹಾಕಿಡಿ.

ನೀರು ತಾನಾಗಿ ಇಳಿಯಲಿ

ನಮ್ಮ ಭಾಗದವರಿಗೆ ನೀರು ಚೆಲ್ಲುವುದೆಂದರೆ ಹೊಟ್ಟೆಯುರಿಯುತ್ತದೆ. ಕೊಡ ಹೊತ್ತು ನಡೆದವರಿಗೆ ಅದು ಸಹಜವೇ. ಚೆಲ್ಲಬೇಡಿ. ಮೊದಲ ದಿನ ಹಾಸಿಗೆ ಹೊದಿಕೆ ಒಗೆಯಿರಿ, ಅಂಗಳ ತೊಳೆಯಿರಿ. ಉಳಿದದ್ದನ್ನು ಬೇವು, ತೆಂಗು, ಕರಿಬೇವಿನ ಬುಡಕ್ಕೆ ಬಿಡಿ. ಸೊಳ್ಳೆಮರಿಗಳು ಒಣ ಮಣ್ಣಿಗೆ ಬಿದ್ದರೆ ಸಾಯುತ್ತವೆ. ಗಟಾರಕ್ಕೆ ಬಿಟ್ಟರೆ ನಿಂತ ನೀರಿನಲ್ಲಿ ಬದುಕಿಕೊಳ್ಳುತ್ತವೆ. ಆದರೆ ಒಂದೇ ಕಡೆ ಬಿಟ್ಟು ಕೆಸರು ಮಾಡಿಕೊಳ್ಳಬೇಡಿ. ಎರೆಮಣ್ಣಿನ ಅಂಗಳ ಒದ್ದೆಯಾದರೆ ಎಣ್ಣೆ ಸವರಿದಂತೆ ಜಾರುತ್ತದೆ.

ಎತ್ತುವ ಕೆಲಸವೇ ಬೇಡ. ಗಿಡಕ್ಕೆ ನೀರು ಬಿಡುವ ಅರ್ಧ ಇಂಚಿನ ಪೈಪು ಸಾಕು. ಪೈಪನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುವವರೆಗೆ ಕಾಯಿರಿ. ಒಂದು ತುದಿ ತೊಟ್ಟಿಯ ತಳದಲ್ಲಿಯೇ ಇರಲಿ, ಕಲ್ಲೊಂದನ್ನು ಕಟ್ಟಿದರೆ ಮೇಲೇಳುವುದಿಲ್ಲ. ಇನ್ನೊಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಹೊರಗೆ ತಂದು, ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗೆ ಇಳಿಸಿ ಬೆರಳು ತೆಗೆಯಿರಿ. ನೀರು ತಾನಾಗಿ ಹರಿಯತೊಡಗುತ್ತದೆ. ಬಾಯಿಯಿಂದ ಎಳೆಯಬೇಡಿ. ನಿಂತ ನೀರು ಹೊಟ್ಟೆಗೆ ಹೋದರೆ ವಾಂತಿಭೇದಿ ಖಂಡಿತ.

ಈ ಬಗೆಯಲ್ಲಿ ಗಂಟೆಗೆ ಇನ್ನೂರು ಮುನ್ನೂರು ಲೀಟರ್ ಇಳಿದೀತು. ತೊಟ್ಟಿಗೆ ಒಂದು ಹಗಲು, ದೊಡ್ಡ ಕೊಳಕ್ಕೆ ಒಂದು ಹಗಲು ಒಂದು ರಾತ್ರಿ ಬೇಕಾಗುತ್ತದೆ. ಬೇಕಾಗಲಿ. ನೀವು ನೆರಳಿನಲ್ಲಿ ಕುಳಿತು ಅಕ್ಕಿ ಆರಿಸಿ.

ಸಣ್ಣ ಮೋಟಾರು ಹಚ್ಚಿ ಎಳೆಯುವ ಅಭ್ಯಾಸ ಹಲವರಿಗಿದೆ. ಒಬ್ಬರೇ ಇರುವಾಗ, ಒದ್ದೆ ಅಂಗಳದಲ್ಲಿ, ಗಂಟು ಹಾಕಿದ ವೈರಿನ ಮೋಟಾರು ಬೇಡ. ಶಾಕ್ ಹೊಡೆದರೆ ಸ್ವಿಚ್ ಆರಿಸಲು ಇನ್ನೊಬ್ಬರು ಬೇಕು. ಹಚ್ಚಲೇಬೇಕೆಂದರೆ ಮನೆಗೆ 30 ಮಿಲಿಆಂಪಿಯರ್‌ನ ಸುರಕ್ಷಾ ಸ್ವಿಚ್ (ಆರ್‌ಸಿಸಿಬಿ) ಇರಬೇಕು, ಪ್ಲಗ್ ಕಿತ್ತ ನಂತರವೇ ನೀರಿಗೆ ಕೈ ಹಾಕಬೇಕು.

ಕೊನೆಯ ಎರಡು ಇಂಚು ನೀರು ಮೋಸ ಮಾಡುತ್ತದೆ. ನೋಡಲು ಏನೂ ಇಲ್ಲದಂತೆ ಕಾಣುತ್ತದೆ. ಹತ್ತು ಅಡಿ ಕೊಳದಲ್ಲಿ ಎರಡು ಇಂಚೆಂದರೆ ಇನ್ನೂ 350 ಕಿಲೋ! ಪ್ಲಾಸ್ಟಿಕ್ ಹಿಡಿದು ಎಳೆಯಹೋಗಿ ಸೊಂಟ ಹಿಡಿಸಿಕೊಳ್ಳುವುದು ಈ ಹಂತದಲ್ಲಿಯೇ. ಇಳಿಜಾರಿನ ಕಡೆಯ ಅಂಚನ್ನು ನೆಲಕ್ಕೆ ಮಡಚಿ, ಎದುರು ಬದಿಯನ್ನು ಗೇಣುಗೇಣಾಗಿ ಎತ್ತುತ್ತ ಬನ್ನಿ, ಸಣ್ಣಗೆ ಹರಿದುಹೋಗುತ್ತದೆ. ತುಂಬಿರುವಾಗ ಮಾತ್ರ ಅಂಚನ್ನು ತುಳಿದು ಬಗ್ಗಿಸಬೇಡಿ. ಸಾವಿರ ಲೀಟರ್ ಒಮ್ಮೆಲೇ ನುಗ್ಗಿದರೆ ನಿಮ್ಮ ಕಾಲು ನೆಲದ ಮೇಲೆ ನಿಲ್ಲದು. ಖಾಲಿಯಾದ ಮೇಲೆ ಒಳಹೊರಗೆ ತಿಕ್ಕಿ ತೊಳೆದು, ಎರಡು ದಿನ ಒಣಗಿಸಿ ಮಡಚಿ. ಒದ್ದೆ ಮಡಚಿದರೆ ಬೂಷ್ಟು ಹಿಡಿಯುತ್ತದೆ. ಉಬ್ಬಸ ಇರುವವರಿಗೆ ಆ ಬೂಷ್ಟಿನ ಧೂಳು ಆಗದು.

ಕೈ ಹಾಕುವ ಮೊದಲು

ಮೇ ತಿಂಗಳಲ್ಲಿ ಯಾದಗಿರಿಯ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸತಲ್ಲ. ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಏನು ಆಗುತ್ತದೋ ಅಷ್ಟೇ ಮಾಡಿ. ಉಳಿದದ್ದು ನಾಳೆಗೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು, ಅದರಲ್ಲೂ ಮೂತ್ರ ಹೆಚ್ಚು ಹೋಗುವಂತೆ ಮಾಡುವ ಮಾತ್ರೆ ಇರುವವರು, ಬಗ್ಗಿ ಎದ್ದೊಡನೆ ಕಣ್ಣು ಕತ್ತಲೆ ಬಂದು ಬೀಳುವ ಸಂಭವ ಹೆಚ್ಚು. ಬಗ್ಗುವ ಬದಲು ಮಣೆಯ ಮೇಲೋ ಸ್ಟೂಲಿನ ಮೇಲೋ ಕುಳಿತು ಕೆಲಸ ಮಾಡಿ, ನಿಧಾನವಾಗಿ ಏಳಿ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಸಕ್ಕರೆ ಕಾಯಿಲೆಯವರು ಉಪವಾಸದಲ್ಲಿ ಈ ಕೆಲಸಕ್ಕೆ ಇಳಿಯಬಾರದು, ಒಂದು ರೊಟ್ಟಿಯಾದರೂ ತಿಂದಿರಬೇಕು.

ಆಗಾಗ ಮಜ್ಜಿಗೆ, ಓಆರ್‌ಎಸ್ ಕುಡಿಯಿರಿ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ತಲೆಸಿಡಿತ, ವಾಕರಿಕೆ, ಮೀನಖಂಡದ ಸೆಳೆತ ಕಂಡರೆ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಹೋಗಿ. ಮೈ ಬೆಂಕಿಯಂತೆ ಸುಟ್ಟು ಮಾತು ತಡವರಿಸತೊಡಗಿದರೆ ಅದು ಬಿಸಿಲಿನ ಆಘಾತ. ನೋಡಿದವರು ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು.

ಆದರೆ ನೋಡುವವರು ಯಾರು? ಒಬ್ಬರೇ ಇರುವವರ ನಿಜವಾದ ತೊಂದರೆ ಇದೇ. ಪಕ್ಕದ ಮನೆಯ ಅಕ್ಕನಿಗೆ ‘ಒಂಬತ್ತು ಗಂಟೆಗೆ ಒಮ್ಮೆ ಕೂಗಿ ಕರೀರಿ’ ಎಂದು ಹೇಳಿ ಕೆಲಸಕ್ಕೆ ಇಳಿಯಿರಿ. ಹೊಲಕ್ಕೆ ಹೋಗುವವರಾದರೆ, ಅವರು ತಿರುಗಿ ಬರುವ ಹೊತ್ತಿಗೇ ಕೆಲಸ ಇಟ್ಟುಕೊಳ್ಳಿ. ಫೋನನ್ನು ಪಡಸಾಲೆಯ ಗೂಡಿನಲ್ಲಿಟ್ಟು ಬರಬೇಡಿ. ಎಲೆ-ಅಡಕೆ ಸಂಚಿಯಂತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಬಿದ್ದರೆ ಗಾಬರಿಯಲ್ಲಿ ಥಟ್ಟನೆ ಏಳಬೇಡಿ. ಒಂದು ನಿಮಿಷ ಹಾಗೇ ಮಲಗಿ ಕೈಕಾಲು ಆಡಿಸಿ ನೋಡಿ. ತೊಡೆಸಂದಿಯಲ್ಲಿ ಬಲವಾದ ನೋವಿದ್ದು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಚಪ್ಪೆಯ ಮೂಳೆ ಮುರಿದಿದೆ ಎಂದೇ ಭಾವಿಸಿ, ಅಲುಗಾಡದೆ ಫೋನ್ ಮಾಡಿ. ನೋವಿಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಅಂಗೈ ಮೊಣಕಾಲೂರಿ, ಅಂಬೆಗಾಲಿನಲ್ಲಿ ಗಟ್ಟಿ ಕಟ್ಟೆಯವರೆಗೆ ಹೋಗಿ ಅದನ್ನು ಹಿಡಿದು ಏಳಿ. ಬಿದ್ದಲ್ಲಿಯೇ ಗಂಟೆಗಟ್ಟಲೆ ಬಿಸಿಲಿನಲ್ಲಿ ಉಳಿದರೆ ಮಾಂಸಖಂಡಗಳು ಜಜ್ಜಿ, ಮೈಯ ನೀರು ಬತ್ತಿ ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ. ಫೋನ್ ಮೈಮೇಲೆಯೇ ಇರಬೇಕು ಎಂದದ್ದು ಇದಕ್ಕಾಗಿ.

ಪರಸಿ ತೊಟ್ಟಿ ಬಿಚ್ಚುವುದು

ನಾಲ್ಕು ಶಹಾಬಾದ್ ಪರಸಿಗಳನ್ನು ನಿಲ್ಲಿಸಿ ಸಂದಿಗೆ ಸಿಮೆಂಟ್ ಮೆತ್ತಿದ ತೊಟ್ಟಿ ಈ ಭಾಗದ ಅಂಗಳಗಳಲ್ಲಿ ಇಂದಿಗೂ ಇದೆ. ತುಂಬಿದ ನಾಲ್ಕು ಅಡಿ ತೊಟ್ಟಿಯಲ್ಲಿ ನೀರು ಒಂದೊಂದು ಗೋಡೆಯನ್ನೂ ಸುಮಾರು 900 ಕಿಲೋ ಬಲದಿಂದ ಹೊರಕ್ಕೆ ದೂಡುತ್ತಿರುತ್ತದೆ. ಹೀಗಿರುವಾಗ ‘ತೂತು ಮಾಡಿದರೆ ಬೇಗ ಖಾಲಿಯಾದೀತು’ ಎಂದು ಸಂದಿಗೆ ಸುತ್ತಿಗೆ ಉಳಿ ಹಾಕಿದರೆ ಕಲ್ಲು ನಿಮ್ಮ ಮೇಲೆಯೇ ಬರುತ್ತದೆ. ಪೈಪಿನಿಂದ ಪೂರ್ತಿ ಇಳಿಸುವುದು ಮೊದಲು. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ಯಾಕೆಂದರೆ ಖಾಲಿ ತೊಟ್ಟಿಯ ಕಲ್ಲೂ ಹಗುರವಲ್ಲ. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಒಂದೂವರೆ ಇಂಚು ದಪ್ಪದ ಪರಸಿ ನೂರು ಕಿಲೋ ಮೀರುತ್ತದೆ. ಒಂದು ಕಲ್ಲನ್ನು ಬಿಡಿಸಿದೊಡನೆ ಪಕ್ಕದ ಕಲ್ಲಿಗೆ ಆಧಾರ ತಪ್ಪುತ್ತದೆ. ಎರಡು ಜನ ಗಟ್ಟಿ ಆಳು ಬಂದು, ಒಬ್ಬರು ಹಿಡಿದು ಒಬ್ಬರು ಸಂದಿ ಬಿಡಿಸಬೇಕು. ಅರ್ಧ ದಿನದ ಕೂಲಿ ಹೋಗುತ್ತದೆಂದು ಲೆಕ್ಕ ಹಾಕುವವರು ಪಾದದ ಮೂಳೆ ಜೋಡಿಸುವ ಖರ್ಚನ್ನೂ ಒಮ್ಮೆ ಲೆಕ್ಕ ಹಾಕಲಿ! ಆಳು ಸಿಗುವುದು ಹದಿನೈದು ದಿನ ತಡವಾದರೂ ಚಿಂತೆಯಿಲ್ಲ. ನೀರಿಲ್ಲದ, ತಿಕ್ಕಿ ಒಣಗಿಸಿದ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟದು. ಮಳೆ ಬಂದರೆ ನೀರು ನಿಲ್ಲದಂತೆ ಮೇಲೆ ತಗಡು ಹೊದಿಸಿ, ಗಾಳಿಗೆ ಹಾರದಂತೆ ಕಲ್ಲಿಡಿ.

ಕಲ್ಲಿನ ಅಡಿಯ ತಂಪಿನಲ್ಲಿ ಬೇರೆ ಅತಿಥಿಗಳೂ ಇರುತ್ತಾರೆ. ಸುರಪುರದ ಗುಡ್ಡ, ಶಹಾಪುರದ ಬೆಟ್ಟದ ಆಸುಪಾಸಿನವರಿಗೆ ಚೇಳು, ಹಾವು ಹೊಸದಲ್ಲ. ಬರಿಗೈಯನ್ನು ಸಂದಿಗೆ ಹಾಕಬೇಡಿ. ಕಾಲಿಗೆ ಬೂಟು, ಕೈಗೆ ದಪ್ಪ ಕೈಚೀಲ, ಮೊದಲು ಕೋಲಿನಿಂದ ಕೆದಕುವುದು, ಅದೂ ಹಗಲು ಬೆಳಕಿನಲ್ಲಿ. ಕೆಂಪು ಚೇಳು ಕಡಿದಾಗ ನೋವಿಗಿಂತ ಅಪಾಯಕರವಾದದ್ದು ನಂತರ ಬರುವ ಬೆವರು, ವಾಂತಿ, ತಣ್ಣಗಾಗುವ ಕೈಕಾಲು. ವಿಷ ಹೃದಯಕ್ಕೆ ತಾಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಒಂದು ಕಾಲದಲ್ಲಿ ಇದಕ್ಕೆ ಸರಿಯಾದ ಔಷಧವಿರಲಿಲ್ಲ. ಮಹಾರಾಷ್ಟ್ರದ ಮಹಾಡದಲ್ಲಿ ವೃತ್ತಿ ನಡೆಸಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆ ಇದಕ್ಕೆ ನಾಟುತ್ತದೆಂದು ತೋರಿಸಿಕೊಟ್ಟು ಸಾವಿರಾರು ಜೀವ ಉಳಿಯಲು ಕಾರಣರಾದರು. ಸಣ್ಣ ಊರಿನ ವೈದ್ಯನ ಇಷ್ಟು ದೊಡ್ಡ ಕೆಲಸ ನಮಗೆ ಹೆಚ್ಚು ಗೊತ್ತಿಲ್ಲ! ಆದರೆ ಆ ಮಾತ್ರೆ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿಗೆ ಕೊಡಬೇಕಾದದ್ದು.

ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಕಟ್ಟುಹಾವಿನ ಕಡಿತ ನೋಯುವುದೇ ಇಲ್ಲವೆನ್ನಬಹುದು. ನೋವಿಲ್ಲವೆಂದು ಮನೆಯಲ್ಲಿ ಮಲಗಬಾರದು.

ಮಾಳಿಗೆಯ ಟ್ಯಾಂಕು, ನೆಲದ ಸಂಪು

ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕನ್ನು ಇಳಿಸುವುದು ಒಬ್ಬರ ಕೆಲಸವಲ್ಲ. ಸಾವಿರ ಲೀಟರಿನ ಟ್ಯಾಂಕಿನ ತಳದಲ್ಲಿ ನಾಲ್ಕು ಬೆರಳು ನೀರು ಉಳಿದಿದ್ದರೆ ಅದೇ 70 ಕಿಲೋ. ವಾಲಿಸಿದೊಡನೆ ನೀರು ಒಂದೇ ಕಡೆಗೆ ಓಡಿ ಟ್ಯಾಂಕು ನಿಮ್ಮನ್ನೇ ಎಳೆದೊಯ್ಯುತ್ತದೆ. ಪೂರ್ತಿ ಖಾಲಿಯಾದ ಟ್ಯಾಂಕಾದರೋ ಮಳೆಗೆ ಮುಂಚಿನ ಗಾಳಿಗೆ ಸಿಕ್ಕಿ ಬುಟ್ಟಿಯಂತೆ ಉರುಳುತ್ತದೆ. ಏಣಿ ಹಿಡಿಯಲು ಇನ್ನೊಬ್ಬರಿಲ್ಲದಿದ್ದರೆ ಮುಚ್ಚಳ ಬಿಗಿಯಾಗಿದೆಯೇ ನೋಡಲು ಕೂಡ ಹತ್ತಬೇಡಿ.

ಇನ್ನು ನೆಲದೊಳಗಿನ ಸಂಪು. ಇದರ ಬಗ್ಗೆ ಒಂದೇ ಮಾತು: ಒಬ್ಬರೇ ಎಂದಿಗೂ ಇಳಿಯಬೇಡಿ. ಬಹಳ ದಿನ ಮುಚ್ಚಿದ ಸಂಪಿನಲ್ಲಿ ಪ್ರಾಣವಾಯು ತೀರಾ ಕಡಿಮೆ ಇರಬಹುದು. ವಾಸನೆ ಬಾರದು, ಉಸಿರು ಕಟ್ಟಿದಂತೆ ಎನಿಸುವುದಕ್ಕೂ ಮೊದಲೇ ಎಚ್ಚರ ತಪ್ಪುತ್ತದೆ. ಬಿದ್ದವರನ್ನು ಎತ್ತಲು ಧುಮುಕಿದವರೂ ಅಲ್ಲಿಯೇ ಉಳಿಯುತ್ತಾರೆ. ಒಂದೇ ಮನೆಯ ಇಬ್ಬರು ಮೂವರು ಹೀಗೆ ಸತ್ತ ಸುದ್ದಿಯನ್ನು ನೀವು ಇದೇ ಪತ್ರಿಕೆಗಳಲ್ಲಿ ಓದಿರುತ್ತೀರಿ. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆಯನ್ನೂ ನಂಬಬೇಡಿ, ಕೆಲವು ವಿಷಾನಿಲಗಳಿದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಡೀಸೆಲ್, ಪೆಟ್ರೋಲ್ ಎಂಜಿನನ್ನು ಒಳಗಿಳಿಸುವುದಂತೂ ಕೊಲೆಗೆ ಸಮ. ಸಂಪು ತೊಳೆಯುವುದನ್ನು ಸಲಕರಣೆ ಇರುವವರಿಗೇ ಬಿಡಿ. ಯಾರಾದರೂ ಒಳಗೆ ಬಿದ್ದರೆ ಮೇಲಿನಿಂದಲೇ ಕೂಗಿ ಜನ ಸೇರಿಸಿ 112ಕ್ಕೆ ಕರೆ ಮಾಡಿ.

ತೊಳೆಯುವಾಗ ಇನ್ನೊಂದು ಎಚ್ಚರ. ಬೇಗ ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ಪುಡಿ ಹಾಕಿದ ಮೇಲೆ ಪಾಯಿಖಾನೆ ತೊಳೆಯುವ ಆ್ಯಸಿಡ್ ಸುರಿಯುವವರಿದ್ದಾರೆ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಣ್ಣು ಉರಿ, ಕೆಮ್ಮು, ಎದೆ ಹಿಡಿತ, ಹೆಚ್ಚಾದರೆ ಪ್ರಾಣಾಪಾಯ. ಯಾವುದಾದರೂ ಒಂದೇ ಸಾಕು, ತೊಟ್ಟಿಗೆ ಆ್ಯಸಿಡ್ ಬೇಕಾಗಿಯೇ ಇಲ್ಲ.

ಕೆಲಸ ಮುಗಿದು ಒಂದೆರಡು ವಾರದೊಳಗೆ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೇನ್‌ಗಳು ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ. ಹೃದಯಕ್ಕೆಂದು ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ. ಜ್ವರ ಇಳಿದ ದಿನವೇ ಗುಣವಾಯಿತೆಂದು ತಿಳಿಯಬೇಡಿ. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಅತಿಯಾದ ಸುಸ್ತು ಕಾಣುವುದು ಬಹುಮಟ್ಟಿಗೆ ಆಗಲೇ. ಒಬ್ಬರೇ ಇರುವವರು ಆ ದಿನಗಳಲ್ಲಿ ಮಗಳನ್ನೋ ತಂಗಿಯನ್ನೋ ಕರೆಸಿಕೊಳ್ಳಬೇಕು. ಸಲಹೆಗೆ 104, ಹಿರಿಯರ ಬೇರಾವುದೇ ತೊಂದರೆಗೆ 14567 ಸಂಖ್ಯೆಗಳಿವೆ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ತೊಟ್ಟಿ ಗಟ್ಟಿಯಾಗಿದ್ದು, ತೊಳೆದು ಮತ್ತೆ ತುಂಬಿಸುವುದಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಅಂದರೆ ಸುಮಾರು ಅರ್ಧ ಚಹಾ ಚಮಚ, ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ತಂಬಿಗೆ ನೀರಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಹಾಕಿ ಕಲಕಿ. ಮುಚ್ಚಳದ ಸಂದಿಯಲ್ಲಿ ಸೊಳ್ಳೆ ನುಸುಳದಂತೆ ಹಳೆಯ ಪಂಚೆಯ ಬಟ್ಟೆ ಕಟ್ಟಿ. ಒಂದು ಗಂಟೆ ಕಳೆದ ಮೇಲೆ ನೀರು ಬಳಸಬಹುದು.